ಕೆಳಗ ಯಾರ ಹೆಸರೈತಿ ನೋಡು

ಎಲ್ಲವ್ವನ ಜಾತ್ರಿ ಹತ್ರ ಬಂತಂದ್ರ ನಮ್ಮ ಕೊಕಟನೂರಾಗ ಎಲ್ಲಾರ ಮನ್ಯಾಗೂ ಒಂದ ಕೆಲಸ. ಕಪಾಟಿನ ಡಬ್ಬಿ ಇಳಸೂದು, ತೊಳದ ಬಿಸಲಿಗಿ ಇಡೂದು, ಎಣ್ಣಿ ಜಿಡ್ಡ ಹಿಡದ ಹಳೇ ಪೇಪರ ತಗದ ಬ್ಯಾರೇದ ಹಾಸೂದು. ಈ ಸಲ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ನಮ್ಮ ಮನೀಗೆ ಬಂದ್ರು. ‘ವೈನಿ, ಎರಡ ಪೇಪರ ಕೊಡ್ರಿ’, ‘ಅಕ್ಕಾ, ನನಗ ನಾಕ ಬೇಕ ನೋಡ’. ಹನ್ನೆರಡ ಮನಿ ಓಣ್ಯಾಗ ಪೇಪರ ಬರೂದು ನಮ್ಮದೊಂದ ಮನೀಗೆ. ಹಾಸಾಕ ಎಲ್ಲಾರೂ ಕೇಳ್ತಾರ್ರಿ, ಓದಾಕ ಒಬ್ರೂ ಕೇಳಲಿಲ್ಲ.

ಹಂಗಂತ ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ‘ಎಲ್ಲಾ ಮೊಬೈಲನ್ಯಾಗ ಬರ್ತೈತಲ್ರಿ, ಮತ್ಯಾಕ ಪೇಪರಿಗೆ ರೊಕ್ಕ ಹಾಕ್ತೀರಿ’ ಅಂತ ಕೇಳ್ತಾರ. ಕೇಳೂದ ತಪ್ಪಲ್ಲ. ಉತ್ತರ ಮಾತ್ರ ಬಾಗಲಾಗ ನಿಂತ ಎರಡ ಮಾತಿನ್ಯಾಗ ಹೇಳಿ ಮುಗಸೂವಂಥಾದ್ದಲ್ಲ. ಅದಕ್ಕ ಇಲ್ಲಿ ಬರಿಯಾಕತ್ತೀನಿ.

ನಾ ಈ ಮನೀಗೆ ಸೊಸಿಯಾಗಿ ಬಂದಾಗ ನಮ್ಮ ಮಾಂವನೋರು ಸಂಯುಕ್ತ ಕರ್ನಾಟಕ ತರಸ್ತಿದ್ರು. ಅದು ಬೆಳಗಾವ್ಯಾಗ ಹುಟ್ಟಿ ಮುಂದ ಹುಬ್ಬಳ್ಳಿಗೆ ಹ್ವಾದ ಪೇಪರ. ಹಿಂಗಾಗಿ ಮಾಂವನೋರಿಗೆ ಅದರ ಮ್ಯಾಲ ನಮ್ಮ ಜಿಲ್ಲಾದ ಮಗಳನ್ನ ಹುಬ್ಬಳ್ಳಿಗೆ ಕೊಟ್ಟಂಥಾ ಅಂತಃಕರಣ. ಓಣ್ಯಾಗ ಒಂದೆರಡ ಮನೀಗೆ ಮರಾಠಿ ತರುಣ ಭಾರತ, ಪುಢಾರಿನೂ ಬರ್ತಿದ್ದು. ಗಡಿ ಊರ ನೋಡ್ರಿ, ಒಂದ ಕಟ್ಟಿ ಮ್ಯಾಲ ಎರಡ ಭಾಷಾದ ಪೇಪರ ಹರವಿಕೊಂಡ ಗಂಡಸರು ಗಡಿ ಜಗಳಾನೂ ಓದತಿದ್ರು, ಒಬ್ಬರಿಗೊಬ್ಬರು ಚಾನೂ ಕುಡಸ್ತಿದ್ರು.

ಅಥಣಿ ಕಡಿಂದ ಮೊದಲನೇ ಬಸ್ಸಿಗೆ ಪೇಪರಿನ ಗಂಟ ಬರ್ತಿತ್ತು. ಬಂದ ಕೂಡಲೆ ಮನೀಗೆ ಬರ್ತಿತ್ತೇನ್ರಿ? ಮೊದಲ ಚಾದಂಗಡಿ, ಆಮ್ಯಾಲ ಕಟಿಂಗ್ ಅಂಗಡಿ, ಆಮ್ಯಾಲ ಗುಡಿ ಕಟ್ಟಿ. ಮಧ್ಯಾಹ್ನ ಊಟದ ಹೊತ್ತಿಗೆ ಮಾಂವನೋರ ಬಗಲಾಗ ಮುದ್ದಿಯಾಗಿ ಒಳಗ ಬರ್ತಿತ್ತು. ಆಟದ ಪುಟ ಯಾರರ ಹುಡುಗ್ರು ಎಳಕೊಂಡಿರ್ತಿದ್ರು, ಮುಖಪುಟದ ಮ್ಯಾಲ ಚಾದ ಬಟ್ಟಲದ ಗುರುತ. ನಾವು ಭಾಂಡೆ ತಿಕ್ಕಿ, ಕಸಾ ಹೊಡದು, ಕೈ ಒರಿಸಿಕೊಂಡ ಕುಂಡ್ರೂದರಾಗ ದೀಪ ಹಚ್ಚೂ ಹೊತ್ತ ಆಗಿರ್ತಿತ್ತು. ಮಂದಿ ಹೇಳ್ತಾರಲ್ಲ, ಆ ಕಾಲದಾಗ ಎಲ್ಲಾರೂ ಪೇಪರ ಓದತಿದ್ರು ಅಂತ, ಆ ‘ಎಲ್ಲಾರೂ’ ಒಳಗ ಹೆಣ್ಮಕ್ಕಳ ಇರಲಿಲ್ಲ. ಸಂತಿಯಿಂದ ಭಜಿ, ಚೂಡಾ ಕಟ್ಟಿಸಿಕೊಂಡ ಬಂದ ಪೇಪರನ ಬಿಡಿಸಿ ಎಣ್ಣಿ ಕಲಿ ನಡುವ ಅರ್ಧಾ ಸುದ್ದಿ ಓದಿದ್ದ ನಮ್ಮ ಭಾಗ್ಯ. (ಈಗ ಅದೂ ಬ್ಯಾಡ ಅಂತಾರ. ಪೇಪರಿನ ಮಸಿ ಹೊಟ್ಟಿಗೆ ಹೋಗ್ತೈತಿ, ತಿನಸ ಕಟ್ಟಬ್ಯಾಡ್ರಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದವರು 2016ರಾಗ ಹೇಳ್ಯಾರ. ಖರೇನ ಐತಿ, ರೊಟ್ಟಿ ಡಬ್ಬಿಗೂ ಹಾಕಬ್ಯಾಡ್ರಿ, ಅರಿವಿ ಹಾಕ್ರಿ.)

ಮಾಂವನೋರು ತೀರಿಕೊಂಡ ಮ್ಯಾಲ ಪೇಪರ ನಿಂತಿತ್ತು. ಮನ್ಯಾಗ ನಾಕ ಮೊಬೈಲ್ ಬಂದಿದ್ದು, ಯಾರಿಗೂ ಅದರ ನೆನಪ ಸೈತ ಆಗಲಿಲ್ಲ. ಮತ್ತ ಚಾಲೂ ಆಗಿದ್ದು ಎದರ ಮನಿ ಕಾಕೂನ ಸಂಬಂಧ.

ಕಾಕೂಗೆ ಗೃಹಲಕ್ಷ್ಮಿ ಎರಡ ಸಾವಿರ ಬರ್ತಿತ್ತು. ತಗದ ಖರ್ಚ ಮಾಡತಿದ್ದಿಲ್ಲ, ಹೊಲಿಗಿ ಮಷೀನ ತಗೋಬೇಕಂತ ಖಾತೆದಾಗ ಹಂಗ ಬಿಟ್ಟಿದ್ಲು. ನಡುವ ಒಂದೆರಡ ತಿಂಗಳ ಕಂತ ತಡಾ ಆದ್ವು. ಅದ ಹೊತ್ತಿಗೆ ಒಂದ ಮೆಸೇಜ ಬಂತು: ನಿಮ್ಮ ಹಣ ನಿಂತೈತಿ, ಮತ್ತ ಚಾಲೂ ಆಗಬೇಕಂದ್ರ ಈ ಲಿಂಕ್ ಒತ್ತಿ ಮಾಹಿತಿ ತುಂಬ್ರಿ. ಕಾಕೂಗೆ ಓದಾಕ ಬರೂದಿಲ್ಲ, ಮೊಮ್ಮಗನ ಕೈಯಾಗ ಕೊಟ್ಲು. ಅಂವ ಹತ್ತನೇ ಇಯತ್ತೆ. ಮೊಬೈಲಂದ್ರ ಅವಗ ನೀರ ಕುಡದಂಗ. ಒತ್ತಿದ, ತುಂಬಿದ, ಬಂದ ಓಟಿಪಿನೂ ಹೇಳಿದ. ಸಂಜಿ ಆಗೂದರಾಗ ಖಾತೆದಾಗ ಅರವತ್ತ ರೂಪಾಯಿ ಉಳದಿದ್ದು.

ಅವತ್ತ ರಾತ್ರಿ ಆಕಿ ನಮ್ಮ ಕಟ್ಟಿ ಮ್ಯಾಲ ಕುಂತ ಅಳಲಿಲ್ಲ, ಒದರಾಡಲಿಲ್ಲ. ‘ಯಾರ ಹೇಳಿದ್ರೋ ನಿನಗ?’ ಅಂತ ಮೊಮ್ಮಗನ್ನ ಮೂರ ಸಲ ಕೇಳಿದ್ಲು. ಅಂವ ಮೂರೂ ಸಲ ‘ಗ್ರೂಪಿನ್ಯಾಗ ಬಂದಿತ್ತ ಆಯಿ’ ಅಂದ. ಗ್ರೂಪಿಗೆ ಯಾರ ಹಾಕಿದ್ರು? ಅವರಿಗೆ ಬ್ಯಾರೆಯವರ ಕಳಿಸಿದ್ರಂತ. ಅವರಿಗೆ ಮತ್ತ ಯಾರೋ. ಹಿಂಗ ಹುಡಕ್ಕೊಂತ ಹ್ವಾದ್ರ ಕಡೀಕ ಒಂದ ಮಾರಿ ಸಿಗವಲ್ದು. 1930 ನಂಬರಿಗೆ ಫೋನ್ ಹಚ್ಚಿ ದೂರ ಕೊಟ್ವಿ. ಆದ್ರ ತಡಾ ಆಗಿತ್ತು. (ಈ ನಂಬರ ಎಲ್ಲಾರೂ ಗ್ವಾಡಿ ಮ್ಯಾಲ ಬರದಿಡ್ರಿ. ರೊಕ್ಕ ಹ್ವಾದ ತಾಸಿನೊಳಗ ಹಚ್ಚಿದ್ರ ತಡದ ಹಿಡಿಯೂ ಆಸೆ ಇರ್ತೈತಿ.) ಆಮ್ಯಾಲ ಹಳೇ ಪೇಪರ ತಗದ ನೋಡಿದ್ರ, ಇಂಥಾ ಲಿಂಕ್ ಬರಾಕತ್ತಾವ, ಒತ್ತಬ್ಯಾಡ್ರಿ ಅಂತ ನಾಕ ದಿನ ಮೊದಲ ಜಿಲ್ಲಾ ಪುಟದಾಗ ಬಂದಿತ್ತು. ಓಣ್ಯಾಗ ಓದಿದವರ ಯಾರ?

ಮರುದಿನ ಪೇಪರ ಹಾಕೂ ಹುಡುಗಗ ಹೇಳಿ ಬಂದ್ನಿ. ತಿಂಗಳ ಬಿಲ್ಲ ನೋಡಿದ್ರ ಒಂದ ಮೊಬೈಲ್ ರಿಚಾರ್ಜಿಗಿಂತ ಕಡಿಮಿ.

ಪೇಪರ ಬಂತು, ಓದವರ ಬರಬೇಕಲ್ಲ. ನನ್ನ ಮಗ ಡಿಪ್ಲೊಮಾ ಓದಾಕತ್ತಾನ, ಮೈದುನನ ಮಗಳ ಪಿಯುಸಿ ಎರಡನೇ ವರ್ಷ. ಇಬ್ರೂ ತಲಿಬರಹ ನೋಡಿ ಬದಿಗಿಟ್ರು. ‘ದೊಡ್ಡವ್ವ, ಇದು ನಿನ್ನೇದ ಸುದ್ದಿ, ನಾವ ನಿನ್ನೇನ ನೋಡೀವಿ’ ಅಂದ್ಲು ಹುಡುಗಿ. ಓದ್ರಿ ಓದ್ರಿ ಅಂತ ಬೆನ್ನ ಹತ್ತಿದ್ರ ಈಗಿನ ಹುಡುಗ್ರು ಓದೂದಿಲ್ಲ, ನನಗ ಗೊತ್ತೈತಿ. ಪೇಪರ ಓದಿದ್ರ ಬುದ್ಧಿ ಬೆಳಿತೈತಿ, ಪರೀಕ್ಷಾಕ್ಕ ಬರ್ತೈತಿ ಅಂತ ಹೇಳೂದೂ ಕಷಾಯ ಕುಡಸಿದಂಗ ಆಗ್ತೈತಿ. ಅವರನ್ನ ಓದಿಸಿದಾಕಿ ನಾ ಅಲ್ಲ, ನಮ್ಮ ಅತ್ತಿ. ಆಕಿಗೆ ಒಂದಕ್ಷರ ಬರೂದಿಲ್ಲ.

ಮುಂಜಾನೆ ನಾ ಒಲಿ ಮುಂದ ರೊಟ್ಟಿ ಬಡಿಯಾಕ ಕುಂತಿರ್ತೀನಿ. ಅತ್ತಿ ಹೊಸ್ತಲ ಕಡೆ ಬಿಸಲಿಗೆ ಕುಂತ ಮೆಂತೆ ಪಲ್ಲೆ ಸೋಸ್ತಾಳ. ಒಂದಿನ ಹುಡುಗಿ ಚಾ ಕುಡಕೊಂತ ಪೇಪರ ತಿರುವಿ ಹಾಕಾಕತ್ತಿತ್ತು. ‘ಏನ ಬಂದೈತಿ ಹೇಳವಾ’ ಅಂದ್ಲು ಅತ್ತಿ. ಹುಡುಗಿ ತಲಿಬರಹ ಅಷ್ಟ ಓದಿ ಮುಂದಿನ ಸುದ್ದಿಗೆ ಹ್ವಾತು. ಮೊಬೈಲನ್ಯಾಗ ಬಟ್ಟ ಮ್ಯಾಲ ಸರಿಸ್ತಾರಲ್ಲ, ಹಂಗ. ಅತ್ತಿ ಬಿಡಲಿಲ್ಲ. ‘ತಡಿ, ಯಾವೂರಾಗ ಅದು?’ ಹುಡುಗಿ ಹಿಂದ ಬಂದ ನೋಡಿ ಹೇಳ್ತು. ‘ಯಾವತ್ತ ಆತು?’ ಮತ್ತ ಕೆಳಗ ಹುಡುಕ್ತು. ‘ಹಂಗಂತ ಯಾರ ಅಂದ್ರು?’ ಅದಕ್ಕ ಇನ್ನೂ ಎರಡ ಪ್ಯಾರಾ ಕೆಳಗ ಇಳೀಬೇಕಾತು. ‘ಆ ಮಂದಿ ಏನ ಅಂತಾರ ಅದಕ್ಕ? ಮುಂದೇನಾತು?’ ಕಡೀ ಸಾಲ ಮುಟ್ಟೂತನಾ ಬಿಡಲಿಲ್ಲ. ನನ್ನ ತವಾದ ಮ್ಯಾಲಿನ ರೊಟ್ಟಿ ಕರದ ಹ್ವಾತು, ನಾ ಕೇಳ್ಕೊಂತ ಕುಂತಿದ್ನಿ.

ಈಗ ನೋಡ್ರಿ, ಎಲ್ಲಿ, ಯಾವಾಗ, ಯಾರು, ಏನು, ಯಾಕ, ಹ್ಯಾಂಗ ಅಂತ ಪತ್ರಿಕೋದ್ಯಮ ಕಲಿಯೂ ಹುಡುಗ್ರಿಗೆ ಮೊದಲನೇ ಪಾಠ ಹೇಳ್ತಾರಂತ. ನಮ್ಮ ಅತ್ತಿಗೆ ಅದನ್ನ ಯಾರೂ ಕಲಿಸಿಲ್ಲ. ಮದಿವಿ ಸಂಬಂಧ ನೋಡೂವಾಗ ಕೇಳಿ ಕೇಳಿ ರೂಢಿ. ಹುಡುಗ ಚಲೋ ಅದಾನ ಅಂದ್ರ ಸಾಕಾಗೂದಿಲ್ಲ ನಮ್ಮ ಹೆಣ್ಮಕ್ಕಳಿಗೆ. ಯಾರ ಅಂದ್ರು, ಅವರಿಗೆ ಹ್ಯಾಂಗ ಗೊತ್ತ, ಅವರ ಮನೀಗೂ ಇವರ ಮನೀಗೂ ಏನ ಸಂಬಂಧ, ಎಲ್ಲಾ ಶೋಧಿಸಿ ಕೇಳ್ತೀವಿ. ಅಷ್ಟ ಶಾಣ್ಯಾರ ನಾವು, ಮೊಬೈಲನ್ಯಾಗ ಬಂದಿದ್ದಕ್ಕ ಮಾತ್ರ ಒಂದ ಪ್ರಶ್ನೆ ಕೇಳೂದಿಲ್ಲ!

ಅಲ್ಲಿಂದ ದಿನಾ ಮುಂಜಾನೆ ಹತ್ತ ಮಿನಿಟ ಆಯಿಗೆ ಪೇಪರ ಓದಿ ಹೇಳೂದ ಹುಡುಗೀ ಕೆಲಸ ಆತು. ತಾನ ಓದೂದಲ್ಲ, ಆಯಿಗೆ ಹೇಳೂದು. ಅದಕ್ಕ ಬ್ಯಾಸರ ಬರಲಿಲ್ಲ ಅನಸ್ತೈತಿ. ಒಂದಿನ ಅತ್ತಿ ಎಲ್ಲಾಕ್ಕಿಂತ ದೊಡ್ಡ ಪ್ರಶ್ನೆ ಹಾಕಿದ್ಲು: ‘ಇದನ್ನ ಹಾಕಿದಾಂವ ಯಾರು? ಸುಳ್ಳಾದ್ರ ಯಾರನ್ನ ಹಿಡೀಬೇಕು?’

ಹುಡುಗಿ ಎಲ್ಲಾ ಪುಟ ತಿರುವಿ ನೋಡ್ತು. ಕಡೀ ಪುಟದ ತಳಕ್ಕ, ಇರಿವಿ ಸಾಲಿನಂಥಾ ಸಣ್ಣ ಅಕ್ಷರದಾಗ ಬರದಿತ್ತು: ಮಾಲಕರು ಯಾರು, ಮುದ್ರಿಸಿದವರು ಯಾರು, ಪ್ರಕಟಿಸಿದವರು ಯಾರು, ಯಾವ ಓಣಿಯೊಳಗಿನ ಪ್ರೆಸ್ಸು, ಸಂಪಾದಕರ ಹೆಸರೇನು. ನಾನೂ ಅದನ್ನ ದಿಟ್ಟಿಸಿ ನೋಡಿದ್ದ ಅವತ್ತ. ಇದೇನ ಪೇಪರಿನವರ ಹೌಸಿಗೆ ಹಾಕಿದ್ದಲ್ಲ. ಬ್ರಿಟಿಷರ ಕಾಲದಾಗ 1867ರ ಕಾಯ್ದೆ ಮಾಡಿದ್ರು, ಅಚ್ಚಾದ ಪ್ರತಿಯೊಂದ ಪ್ರತಿ ಮ್ಯಾಲ ಮುದ್ರಕರ ಹೆಸರ, ಜಾಗಾ ಇರಬೇಕು, ಪತ್ರಿಕೆ ಆದ್ರ ಸಂಪಾದಕರ ಹೆಸರೂ ಇರಬೇಕಂತ. ಅವರು ಮಾಡಿದ್ದು ನಮ್ಮವರ ಮ್ಯಾಲ ಕಣ್ಣಿಡಾಕ, ಅದು ಬ್ಯಾರೆ ಮಾತ. ನೂರ ಐವತ್ತ ವರ್ಷ ಆ ಕಾಯ್ದೆ ನಡೀತು, 2023ರಾಗ ಅದರ ಜಾಗಾದಾಗ ಹೊಸಾ ಕಾಯ್ದೆ ಬಂತು. ಆದ್ರ ಆ ತಳದ ಸಾಲ ಉಳದೈತಿ. ಸುಳ್ಳ ಹಾಕಿದ್ರ ಆ ಹೆಸರಿನವರ ಮ್ಯಾಲ ಕೋರ್ಟಿಗೆ ಹೋಗಬಹುದು, ಪತ್ರಾ ಬರದು ತಿದ್ದುಪಡಿ ಹಾಕ್ರಿ ಅನ್ನಬಹುದು. ಕಾಕೂನ ಲಿಂಕಿಗೆ ಇಂಥಾದ್ದೊಂದ ಸಾಲ ಇತ್ತೇನು?

‘ಹಂಗಾದ್ರ ಇದಕ್ಕ ಅಪ್ಪ ಅವ್ವ ಅದಾರ’ ಅಂದ ಅತ್ತಿ ಪಲ್ಲೆ ಸೋಸಾಕ ಹತ್ತಿದ್ಲು.

ಹುಡುಗ್ರಿಗೆ ಹೇಳಬೇಕಂತ ನಾ ಬೀದರ ಜಿಲ್ಲಾದ ಮುರ್ಕಿ ಕತಿ ಹೇಳಿದ್ನಿ. ಕತಿ ಅಲ್ಲ, ಆಗಿದ್ದು. 2018ರ ಜುಲೈ 13. ಹೈದರಾಬಾದ ಕಡಿಂದ ಗೆಳ್ಯಾರು ಕಾರಿನ್ಯಾಗ ಬಂದಿದ್ರು, ಔರಾದ ತಾಲೂಕಿನ್ಯಾಗ ಹಾದ್ಯಾಗ ಸಾಲಿ ಹುಡುಗ್ರಿಗೆ ಚಾಕಲೇಟ ಕೊಟ್ರು. ಮಕ್ಕಳ ಕಳ್ಳರ ಬಂದಾರಂತ ವಾಟ್ಸಾಪಿನ್ಯಾಗ ಸುದ್ದಿ ಹಾರ್ತು. ಕಾರಿಗಿಂತ ಜೋರ ಓಡ್ತು ಅದು. ಮುರ್ಕಿ ಊರ ಮುಟ್ಟೂದರಾಗ ಮಂದಿ ಹಾದಿಗೆ ಅಡ್ಡ ನಿಂತಿದ್ರು. ಒಬ್ಬ ಇಂಜಿನಿಯರನ್ನ ಹೊಡದ ಕೊಂದ್ರು. ಹೊಡದವರೂ ನಮ್ಮ ನಿಮ್ಮಂಗ ಮಕ್ಕಳ ಹೆತ್ತವರ, ಮಕ್ಕಳ ಮ್ಯಾಲಿನ ಜೀವಕ್ಕ ಹೊಡದವರು. ನನಗ ಬಾಳ ಅಂಜಿಕಿ ಬರೂದು ಅದಕ್ಕ.

ಇದರಾಗ ವಿಚಿತ್ರ ಏನ ಗೊತ್ತೇನ್ರಿ? ಅದಕ್ಕ ಮೂರ ದಿನ ಮೊದಲ, ಜುಲೈ 10ಕ್ಕ, ಅದ ವಾಟ್ಸಾಪ್ ಕಂಪನಿಯವರು ನಮ್ಮ ದೇಶದ ಪೇಪರನ್ಯಾಗ ಒಂದ ಪೂರ್ತಿ ಪುಟ ಜಾಹೀರಾತ ಕೊಟ್ಟಿದ್ರು. ಬಂದಿದ್ದನ್ನೆಲ್ಲಾ ನಂಬಬ್ಯಾಡ್ರಿ, ಮೂಲ ನೋಡ್ರಿ, ವಿಚಾರ ಮಾಡಿ ಮುಂದ ಕಳಸ್ರಿ ಅಂತ. ಕೋಟಿಗಟ್ಲೆ ಮಂದಿ ಕೈಯಾಗ ತಮ್ಮ ಆಪ್ ಇದ್ದವರು, ತಮ್ಮದ ಮಾತ ಮಂದಿ ನಂಬಬೇಕಾದಾಗ ಪೇಪರ ಹುಡಕ್ಕೊಂಡ ಬಂದ್ರು. ಇದನ್ನ ಹೇಳಿದಾಗ ನನ್ನ ಮಗ ನಕ್ಕ. ‘ಅವ್ವಾ, ಇದೊಂದ ಮಾತ ಮಸ್ತ ಐತಿ’ ಅಂದ. ಆಮ್ಯಾಲ ಮುಂದ ಕಳಸೂ ಮೆಸೇಜಿಗೆ ಒಂದ ಸಲಕ್ಕ ಐದ ಅಂತ ಮಿತಿ ಹಾಕಿದ್ರು. ಈಗ ಬಾಳ ಸಲ ಕೈ ಬದಲಾದ ಮೆಸೇಜಿಗೆ ಎರಡ ಬಾಣದ ಗುರುತ ಬರ್ತೈತಿ ನೋಡ್ರಿ, ಆ ಜೋಡಬಾಣ ಕಂಡ್ರ ತಡದು ವಿಚಾರ ಮಾಡ್ರಿ.

ಗಂಡುಡುಗ್ರಿಗೆ ಪೇಪರಿನ ರುಚಿ ಹತ್ತಿದ್ದು ಕಬ್ಬಿನ ಸಂಬಂಧ. 2025ರ ನವೆಂಬರದಾಗ ಗುರ್ಲಾಪುರ ಕ್ರಾಸಿನ್ಯಾಗ ರೈತರು ಟನ್ನಿಗೆ 3,500 ಕೊಡ್ರಿ ಅಂತ ಕುಂತಾಗ ನಮ್ಮ ಕಡೆ ಎಲ್ಲಾ ಮನ್ಯಾಗೂ ಅದ ಮಾತ. ಮೊಬೈಲನ್ಯಾಗ ದಿನಕ್ಕೊಂದ ರೇಟ ಬರ್ತಿತ್ತು. ಮುಂಜಾನೆ 3,500 ಆತಂತ, ಮಧ್ಯಾಹ್ನ ಇಲ್ಲಂತ. ಕಡೀಕ ಸರಕಾರ 3,300 ಅಂತ ಹೇಳಿತು. ಕೇಂದ್ರದವರ ದರ ಕ್ವಿಂಟಲಿಗೆ 355 ಇತ್ತು, ಅಂದ್ರ ಟನ್ನಿಗೆ 3,550. ಮತ್ತ ರೈತರ್ಯಾಕ 3,500ಕ್ಕ ಹೋರಾಡಬೇಕು? ನನ್ನ ಮಗ, ನಮ್ಮ ಭಾವನ ಮಗ ಇಬ್ರಿಗೂ ಇದು ತಲಿಗೆ ಹತ್ತಲಿಲ್ಲ, ಮೊಬೈಲ ಯಾರಿಗೂ ಬಿಡಿಸಿ ಹೇಳಲಿಲ್ಲ. ಪೇಪರನ್ಯಾಗ ಅರ್ಧಾ ಪುಟ ಬರದಿದ್ರು. 355 ಅನ್ನೂದು ನೂರಕ್ಕ 10.25 ಸಕ್ಕರಿ ಇಳುವರಿ ಬಂದ ಕಬ್ಬಿಗೆ. ಇಳುವರಿ ಏರಿದ್ರ ದರ ಏರ್ತೈತಿ, ಇಳಿದ್ರ ಇಳಿತೈತಿ. ಮತ್ತ ಅದು ಫ್ಯಾಕ್ಟರಿ ಬಾಗಲಕ್ಕ ಮುಟ್ಟಿಸಿದ ದರ. ಕಡಿಯೂ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರಿನ ಬಾಡಿಗಿ ಅದರಾಗ ಮುರಕೊಂಡ ಮ್ಯಾಲ ಉಳದಿದ್ದು ರೈತಂದು. ಹೋರಾಟ ನಡದಿದ್ದು ಕೈಗೆ ಬರೂ ರೊಕ್ಕದ್ದು. ಇಬ್ರೂ ಅವತ್ತ ನೆಲದ ಮ್ಯಾಲ ಪೇಪರ ಹಾಸಿಕೊಂಡ, ಪೆನ್ನ ಹಿಡದ, ನಮ್ಮ ಹೋದ ವರ್ಷದ ಬಿಲ್ಲ ತಗದ ಲೆಕ್ಕಾ ಹಾಕಿದ್ರು. ನಮ್ಮ ಭಾವನೋರು ಇಪ್ಪತ್ತ ವರ್ಷ ಕಬ್ಬ ಕಳಿಸ್ಯಾರ. ಅವರೂ ಬಗ್ಗಿ ನೋಡಿ ಕೇಳ್ಕೊಂತ ನಿಂತ್ರು. ಒಂದ ಸುದ್ದಿನ ಕುಂತ ತಿಳಕೋಬೇಕಂದ್ರ ಅದಕ್ಕ ಅರ್ಧಾ ಪುಟದ ಜಾಗಾ ಬೇಕಾಗ್ತೈತಿ, ಅರ್ಧಾ ತಾಸಿನ ಪುರಸೊತ್ತ ಬೇಕಾಗ್ತೈತಿ. ಬಟ್ಟಿಲೆ ಸರಿಸೂದರಾಗ ಅದು ಆಗೂದಿಲ್ಲ.

ಹೆಣ್ಣುಡುಗ್ಯಾರ ಮಾತ ಬ್ಯಾರೆ ಐತಿ, ಅದನ್ನ ನಾವ ಹೆಣ್ಮಕ್ಕಳ ನಾವ ಹೇಳಬೇಕು. ನಮ್ಮ ಕಡೆ ಹುಡುಗಿ ಕೈಯಾಗ ಮೊಬೈಲ್ ಕಂಡ್ರ ಸಾಕು. ಯಾರ ಜೋಡಿ ಮಾತಾಡಾಕತ್ತಾಳ, ಏನ ನೋಡಾಕತ್ತಾಳ ಅಂತ ನೂರ ಕಣ್ಣ. ಒಂದ ಸ್ವಲ್ಪ ಸಂಶೆ ಬಂದ್ರ ಕಸಗೊಂಡ ಟ್ರಂಕಿನ್ಯಾಗ ಇಡ್ತಾರ, ಮುಂದಿನ ವರ್ಷ ಮದಿವಿ. ಇದು ಸರಿ ಅಂತ ನಾ ಅನ್ನೂದಿಲ್ಲ. ಆದ್ರ ಪೇಪರ ಹಿಡದ ಕುಂತ ಹುಡುಗಿ ಮ್ಯಾಲ ಇವತ್ತಿನತನಾ ಯಾರೂ ಸಂಶೆ ಪಟ್ಟಿದ್ದ ನಾ ಕಂಡಿಲ್ಲ. ಪಿಡಿಒ ಪರೀಕ್ಷಾ ಯಾವಾಗ ಕರದಾರ, ಹಾಸ್ಟೇಲಿಗೆ ಅರ್ಜಿ ಕಡೀ ದಿನ ಯಾವದು, ಕಾಯ್ದೆದಾಗ ಮದಿವಿ ವಯಸ್ಸ ಎಷ್ಟ, ಎಲ್ಲಾ ಅಪ್ಪ, ಅಣ್ಣನ ಎದರಿಗೇ ಓದಬಹುದು. ಮೈದುನನ ಮಗಳ ಹಾಸ್ಟೇಲ ಅರ್ಜಿ ಸುದ್ದಿ ಹಂಗ ಆಯಿಗೆ ಓದಿ ಹೇಳಿದ್ಲು, ಅವರಪ್ಪ ಅಲ್ಲೇ ಚಾ ಕುಡಿಯಾಕತ್ತಿದ್ದ. ‘ಡಿಗ್ರಿಗೆ ಅಥಣಿಗೆ ಹಾಕೂನೇನ ಮತ್ತ ಇದನ್ನ?’ ಅಂತ ಅತ್ತೀನ ಮಗನ್ನ ಕೇಳಿದ್ಲು. ಹುಡುಗಿ ತಾನ ಕೇಳಿದ್ರ ಆಗತಿದ್ದಿಲ್ಲ. ಮೈದುನ ಹೂಂ ಅನ್ನಲಿಲ್ಲ, ಊಹೂಂನೂ ಅನ್ನಲಿಲ್ಲ. ಮರುದಿನ ಅರ್ಜಿ ಕಡೀ ದಿನ ಯಾವದಂದಿ ಅಂತ ಅವನ ಕೇಳಿದ. ಅರ್ಜಿ ಹಾಕಿ ಬಂದಾರ.

ಪೇಪರಂದ್ರ ದೇವರಲ್ಲ ಮತ್ತ. ಕೆಲವು ದಿನ ಮುಖಪುಟಾನ ಇರೂದಿಲ್ಲ, ಸೀರಿ ಅಂಗಡಿ, ಪ್ಲಾಟಿನ ಜಾಹೀರಾತ ದಾಟಿ ಒಳಗ ಹೋಗಬೇಕು. ಇಲೆಕ್ಷನ್ ಬಂದ್ರ ಕೆಲವು ಸುದ್ದಿ ಓದಿದ್ರ ಯಾರ ರೊಕ್ಕಾ ಕೊಟ್ಟಾರಂತ ಕಣ್ಣ ಮುಚ್ಚಿ ಹೇಳಬಹುದು. ಹೆಣ್ಮಕ್ಕಳ ಮ್ಯಾಲ ಏನರ ಅನಾಹುತ ಆದ್ರ ಬರಿಯೂ ರೀತಿ ನನಗ ಕೆಲವೊಮ್ಮೆ ಸೇರೂದಿಲ್ಲ. ಅತ್ತಿ ಕೇಳಿದಂಗ ಪೇಪರಿಗೂ ಪ್ರಶ್ನೆ ಕೇಳಬೇಕು. ಮೊಬೈಲನ್ಯಾಗೂ ಪೇಪರಿನವರದ ಇ-ಪೇಪರ ಬರ್ತೈತಿ. ಅದನ್ನ ಓದ್ರಿ, ಬ್ಯಾಡನ್ನೂದಿಲ್ಲ. ಕೆಳಗ ಹೆಸರಿದ್ರ ಸಾಕು, ಕಾಗದ ಆದ್ರೇನು ಗಾಜ ಆದ್ರೇನು.

ಮನ್ಯಾಗ ಪೇಪರ ತರಸಾಕ ಆಗೂದಿಲ್ಲಂದ್ರ ಪಂಚಾಯತಿ ಗ್ರಂಥಾಲಯ ಐತಿ, ಈಗ ಅದಕ್ಕ ಅರಿವು ಕೇಂದ್ರ ಅಂತಾರ. 2020ರಾಗ ‘ಓದುವ ಬೆಳಕು’ ಅಂತ ಚಾಲೂ ಮಾಡಿ ಸಾಲಿ ಹುಡುಗ್ರಿಗೆ ಪುಕ್ಕಟೆ ಸದಸ್ಯತ್ವ ಕೊಟ್ರು. ನಾವು ಮನಿಪಟ್ಟಿ ಕಟ್ಟೂವಾಗ ನೂರಕ್ಕ ಆರ ರೂಪಾಯಿ ಗ್ರಂಥಾಲಯ ಕರ ಅಂತ ಕಟ್ತೀವ್ರಿ, ಪಾವತಿ ತಗದ ನೋಡ್ರಿ ಬೇಕಾದ್ರ. ನಾವ ರೊಕ್ಕಾ ಕೊಟ್ಟ ಮ್ಯಾಲ ಅಲ್ಲಿ ಹೋಗಿ ಕುಂಡ್ರೂದು ನಮ್ಮ ಹಕ್ಕ. ಒಬ್ಬಾಕಿ ಹೋಗಾಕ ನಾಚಿಕಿ ಬಂದ್ರ ನಾಕ ಮಂದಿ ಕೂಡಿ ಹೋಗ್ರಿ. ಗಂಡಸರ ಎದ್ದ ಜಾಗಾ ಕೊಡ್ತಾರ, ನಾ ಹೋಗಿ ನೋಡೀನಿ.

ಈಗ ನಮ್ಮ ಓಣ್ಯಾಗ ಒಂದ ಹೊಸಾ ಮಾತ ನಡದೈತಿ. ಜಾತ್ರಿ ಮುಂದ ಹಾಸಾಕ ಪೇಪರ ಒಯ್ಯಾಕ ಬಂದವರ ಪೈಕಿ ಇಬ್ರು ತಾವೂ ತರಸ್ತೀವಿ ಅಂದಾರ. ನಾ ಅಂದ್ನಿ, ಮೂರೂ ಮನೀಗೆ ಒಂದ ಪೇಪರ ಬ್ಯಾಡ. ನಮ್ಮ ಮನೀಗೆ ಬರೂದು ಇರಲಿ. ನೀವೊಂದ ಬ್ಯಾರೆ ತರಸ್ರಿ, ಅವರೊಂದ ಬ್ಯಾರೆ. ಮುಂಜಾನೆ ಅವರವರ ಮನ್ಯಾಗ, ಹನ್ನೆರಡಾದ ಮ್ಯಾಲ ಅದಲಬದಲ. ಒಂದ ಸುದ್ದಿನ ಮೂರೂ ಪೇಪರನ್ಯಾಗ ಹ್ಯಾಂಗ ಬಂದೈತಿ ಅಂತ ಹುಡುಗ್ರು ನೋಡ್ಲಿ, ಬರದವರ ನಡುವ ಎಷ್ಟ ವ್ಯತ್ಯಾಸ ಐತಿ ಗೊತ್ತಾಗ್ಲಿ. ಎದರ ಮನಿ ಕಾಕೂ ನನಗ್ಯಾರ ಓದಿ ಹೇಳ್ತಾರ ಅಂದ್ಲು. ಓದಾಕ ಆಕೀ ಮೊಮ್ಮಗನ್ನ ಹಚ್ಚೀವಿ, ಪ್ರಶ್ನೆ ಕೇಳಾಕ ನಮ್ಮ ಅತ್ತಿ ಹೋಗ್ತಾಳ. ನಾಕನೇ ಮನಿಯವರು ಯಾರರ ಸೇರೂದಿದ್ರ ಒಂದನೇ ತಾರೀಖಿನೊಳಗ ನನಗ ಹೇಳ್ರಿ, ಪೇಪರ ಹಾಕೂ ಹುಡುಗ ತಿಂಗಳ ನಡುವ ಲೆಕ್ಕಾ ಹಿಡಿಯೂದಿಲ್ಲ. ಪದಬಂಧ ಮಾತ್ರ ಪೆನ್ನಿಲೆ ತುಂಬಬ್ಯಾಡ್ರಿ. ಪೆನ್ಸಿಲಿಲೆ ತುಂಬ್ರಿ, ಮುಂದಿನ ಮನಿಯವರು ಅಳಿಸಿ ತಾವೂ ತುಂಬಬೇಕಾಗ್ತೈತಿ.